ಇಂಟರ್ವಲ್‌ವರೆಗಿನ ಸಿದ್ದರಾಮೇಶ

ಗಡಿಯೂರು ಮಕ್ತಲಿನಲ್ಲಿ ಆಟೋಕ್ಕೆ ಮೈಕು ಕಟ್ಟಿ, ತೆಲುಗಿನಲ್ಲೂ ಕನ್ನಡದಲ್ಲೂ ಹೊಸ ಸಿನಿಮಾ ಸಾರುವ ಸಿದ್ದರಾಮೇಶನಿಗೆ ಇಪ್ಪತ್ತು ವರ್ಷದಿಂದ ಒಂದೇ ವ್ರತ: ಇಂಟರ್ವಲ್ ಆದೊಡನೆ ಟಾಕೀಸಿನಿಂದ ಎದ್ದು ಬರುವುದು. ಕಥೆಯ ಕೊನೆ ಗೊತ್ತಾದರೆ ತನ್ನ ಬಾಯಿ ಸುಮ್ಮನಿರುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಈ ಸಲ ಟಾಕೀಸಿನ ಮಾಲೀಕ ಭೀಮಣ್ಣ ಮೊಬೈಲನ್ನು ಅವನ ಮುಖದ ಮುಂದೆ ಹಿಡಿದ. “ಟ್ರೇಲರ್‌ನಾಗ ಕೊಲೆ ಮಾಡಿದವನ ಮಾರಿನೂ ತೋರಿಸ್ಯಾರ. ಊರೆಲ್ಲಾ ನೋಡೈತಿ. ಇನ್ನ ನಿನ್ನ ಮೈಕು ಯಾಕ ಬೇಕಪಾ?”

ಸಿದ್ದರಾಮೇಶ ಕಣ್ಣು ಮುಚ್ಚಿಕೊಂಡ. “ನನಗ ತೋರಿಸಬ್ಯಾಡ್ರಿ ಸಾವ್ಕಾರ್ರ. ಈ ಶುಕ್ರವಾರ ಒಂದು ದಿನ ಬಿಡ್ರಿ. ಹೌಸ್‌ಫುಲ್ ಆಗಲಿಲ್ಲಂದ್ರ ಮೈಕು ನಾನ ಬಿಚ್ಚಿಡ್ತೀನಿ.”

ಶುಕ್ರವಾರ ಬೆಳಗ್ಗೆ ಬಸ್‌ಸ್ಟ್ಯಾಂಡಿನ ಮುಂದೆ ಮೈಕು ಗುಡುಗಿತು: “ಟ್ರೇಲರ್ ನೋಡಿ ಕಥಿ ತಿಳೀತು ಅಂತ ಕುಂತೀರೇನ್ರೀ? ಅದರಾಗ ತೋರಿಸಿದ್ದೆಲ್ಲಾ ನಂಬ್ತೀರೇನ್ರೀ?”

ಅಷ್ಟೇ. ಎಲ್ಲ ತಿಳಿದಿದ್ದವರಿಗೆಲ್ಲ ಅನುಮಾನ ಹತ್ತಿತು. ಮ್ಯಾಟಿನಿಗೇ ಟಿಕೆಟ್ಟು ಮುಗಿದು, ಭೀಮಣ್ಣ ಹೌಸ್‌ಫುಲ್ ಬೋರ್ಡು ಹುಡುಕಿ ಧೂಳು ಒರೆಸಬೇಕಾಯಿತು.

ಆಟ ಬಿಟ್ಟಾಗ, ಇಂಟರ್ವಲ್‌ಗೇ ಎದ್ದು ಬಂದು ಸಿದ್ದರಾಮೇಶ ಕುಳಿತಿದ್ದ ಆಟೋವನ್ನು ಜನ ಸುತ್ತುಗಟ್ಟಿದರು. “ಲೇ ಸಿದ್ದ್ಯಾ, ಟ್ರೇಲರ್‌ನಾಗ ಇದ್ದಂಗನ ಐತಲ್ಲೋ! ಕೊಲೆ ಮಾಡಿದವನು ಅದೇ ಆ...”

ಸಿದ್ದರಾಮೇಶ ಮೈಕು ಹಾಕಿ ಅವರ ದನಿ ಮುಳುಗಿಸಿದ: “ಹೇಳಬ್ಯಾಡ್ರಪೋ! ನಾ ಇನ್ನೂ ಅರ್ಧಾನ ನೋಡೀನಿ!”

ಬೆಳಗ್ಗೆ ಕೂಗಿದ್ದನ್ನೇ ಸಂಜೆ ಆಟಕ್ಕೂ ಕೂಗು ಎಂದ ಭೀಮಣ್ಣ.