ಹದಿನಾಲ್ಕನೇ ಚೌಕದ ಚಿಕ್ಕಮುನಿಯಮ್ಮ

ಬೆಳಗಿನ ಆರೂಕಾಲು. ಹಾಲಿನ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಚಾಮರಾಜಪೇಟೆಯ ಈ ಅಡ್ಡರಸ್ತೆ ಇನ್ನೂ ಎದ್ದಿಲ್ಲ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಆಯಾ ಚಿಕ್ಕಮುನಿಯಮ್ಮ ಸೆರಗಿನ ಗಂಟಿನಿಂದ ಕೀಲಿ ಬಿಚ್ಚುತ್ತಾರೆ. ಆದರೆ ಬೀಗಕ್ಕೆ ಕೈ ಹಾಕುವುದಿಲ್ಲ. ಮೊದಲು ಬಾಗಿಲನ್ನು ಎರಡು ಸಲ ತಟ್ಟುತ್ತಾರೆ. ಹಿಂದಿನ ಸಂಜೆ ತಾವೇ ಬೀಗ ಜಡಿದು ಹೋದ ಕೋಣೆ. ಒಳಗೆ ಯಾರೂ ಇರಲು ಸಾಧ್ಯವಿಲ್ಲ. ತಟ್ಟಿ, ಹತ್ತೆಣಿಸುವಷ್ಟು ಹೊತ್ತು ಕಾಯುತ್ತಾರೆ.

"ಬರೀತಾ ಇದ್ರೆ ಮುಗಿಸ್ಕಳ್ಲಿ ಅಂತ," ಎಂದು, ಅವರ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ನಿಂತ ನನಗೆ ಹೇಳುತ್ತಾರೆ, ಒಲೆಯ ಮೇಲೆ ಅನ್ನ ಇನ್ನೊಂಚೂರು ಬೇಯಲಿ ಎನ್ನುವವರ ಧಾಟಿಯಲ್ಲಿ.

ಒಳಗೆ, ಒಂದರಿಂದ ಮೂರನೆಯ ತರಗತಿಯವರು ಒಟ್ಟಿಗೆ ನೆಲದ ಮೇಲೆ ಕೂತು ಕಲಿಯುವ ನಲಿ-ಕಲಿ ಕೋಣೆ. ತಲೆಯ ಮೇಲೆ ದಾರಕ್ಕೆ ನೇತುಹಾಕಿದ ಕಾಗದದ ಗಿಳಿ, ಮೀನು, ಬಸ್ಸು. ಗೋಡೆಯ ಕೆಳಭಾಗದಲ್ಲಿ, ಕೂತ ಮಗುವಿನ ಕೈಗೆಟುಕುವಂತೆ, ಸುತ್ತಲೂ ಕಪ್ಪು ಹಲಗೆಯ ಪಟ್ಟಿ. ಅದಕ್ಕೆ ಬಿಳಿ ಗೆರೆ ಎಳೆದು ಮೂವತ್ತು ಚೌಕ ಮಾಡಿದ್ದಾರೆ. ಮಗುವಿಗೊಂದು ಚೌಕ, ಅದು ಅದರ ಸ್ವಂತ ಆಸ್ತಿ. ಈ ವರ್ಷ ಮಕ್ಕಳು ಹದಿಮೂರು. ಸಂಜೆ ಹದಿಮೂರು ಚೌಕವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಮನೆಗೆ ಹೋಗುವುದು ಚಿಕ್ಕಮುನಿಯಮ್ಮನ ಕೆಲಸ. ಬೆಳಗ್ಗೆ ಬಂದು ಹದಿನಾಲ್ಕನೆಯದನ್ನು ಒರೆಸುವುದೂ ಅವರದೇ. ಅದು ಯಾವ ಸುತ್ತೋಲೆಯಲ್ಲೂ ಇಲ್ಲ.

ಇವತ್ತು ಹದಿನಾಲ್ಕನೇ ಚೌಕದಲ್ಲಿ 'ನನ್ನ ಹೆಸರು' ಎಂದು ಬರೆದಿದೆ. ಮುಂದೆ ಖಾಲಿ. ಕೆಳಗೆ ನೆಲದ ಮೇಲೆ ಸೀಮೆಸುಣ್ಣದ ಪುಡಿ ಹೊಸದಾಗಿ ಬಿದ್ದಿದೆ.

ಹೊಸಕೋಟೆ ಕಡೆಯ ರಾಗಿ ಹೊಲದಿಂದ ಮದುವೆಯಾಗಿ ಗುಟ್ಟಹಳ್ಳಿಗೆ ಬಂದ ಚಿಕ್ಕಮುನಿಯಮ್ಮನಿಗೆ ಈಗ ಐವತ್ತೆಂಟು. ಗಂಡ ತೀರಿಕೊಂಡ ವರ್ಷ ಈ ಶಾಲೆಗೆ ಸೇರಿದರು, ಇಪ್ಪತ್ತೆರಡು ವರ್ಷವಾಯಿತು. ದಿನಕ್ಕೆ ಒಂಬತ್ತು ಬಿಂದಿಗೆ ನೀರು, ನಾಲ್ಕು ಕೋಣೆ, ಎರಡು ಶೌಚಾಲಯ, ಎಣಿಸಲಾರದಷ್ಟು ಮೂಗು. ಮಕ್ಕಳಿಗೆ ಅವರು 'ಆಯಮ್ಮ'. ರಿಜಿಸ್ಟರಿನಲ್ಲಿ ಬರೀ 'ಆಯಾ', ಪಕ್ಕದಲ್ಲಿ ಹೆಬ್ಬೆಟ್ಟು. ಇಷ್ಟು ವರ್ಷ ಅಕ್ಷರ ಒರೆಸಿಯೂ ಒಂದಕ್ಷರ ಬರುವುದಿಲ್ಲ. "ಒರ್ಸೋರ್ಗೆ ಕಲಿಯಕ್ ಎಲ್ಲಿ ಟೈಮು?" ಎಂದು ನಗುತ್ತಾರೆ.

ಮೂವತ್ತೂ ಚೌಕ ತುಂಬಿದ್ದ ಕಾಲದಲ್ಲಿ ಈ ಬರಹ ಇರಲಿಲ್ಲವಂತೆ. ಆರು ವರ್ಷದ ಹಿಂದೆ ಮಕ್ಕಳು ಇಪ್ಪತ್ತೆರಡಕ್ಕೆ ಇಳಿದಾಗ ಇಪ್ಪತ್ತಮೂರನೇ ಚೌಕದಲ್ಲಿ ಕಾಣಿಸಿತು. ಮಕ್ಕಳು ಕಡಿಮೆಯಾದಂತೆಲ್ಲ ಅದೂ ಇತ್ತ ಸರಿಯಿತು. ಯಾವಾಗಲೂ ಕೊನೆಯ ಮಗುವಿನ ಪಕ್ಕದ ಚೌಕ. "ಜಾಗ ಖಾಲಿ ಇತ್ತು, ಬಂದು ಕುಂತ್ಕಂತು," ಎನ್ನುತ್ತಾರೆ ಚಿಕ್ಕಮುನಿಯಮ್ಮ. ದಾಖಲಾತಿಗೆ ಅವರು ಕೊಡುವ ವಿವರಣೆ ಇಷ್ಟೇ.

ಅದು ಪಾಠದಲ್ಲಿ ಒಂದು ದಿನ ಹಿಂದೆ. ಶಿಕ್ಷಕಿ ಗೋದಾ ಇವತ್ತು ಕಲಿಸಿದ್ದು ನಾಳೆ ಬೆಳಗ್ಗೆ ಚೌಕದಲ್ಲಿರುತ್ತದೆ. ಜೂನಿನಲ್ಲಿ ಅಡ್ಡಗೆರೆ, ಉದ್ದಗೆರೆ. ಆಗಸ್ಟಿನಲ್ಲಿ ಬಾವುಟ. ಗಣೇಶನ ಹಬ್ಬಕ್ಕೆ ಮಕ್ಕಳು ಜೇಡಿಮಣ್ಣು ಕಲಸಿದ ಮಾರನೆಯ ದಿನ ಚೌಕದ ತುಂಬ ಕೆಸರಿನ ಬೆರಳಚ್ಚು, ಎಲ್ಲ ಪುಟ್ಟವು. ಗೋದಾ ಸಮೀಕ್ಷೆಯ ಡ್ಯೂಟಿಗೆ ಹೋಗಿ ಹದಿನೆಂಟು ದಿನ ಪಾಠವೇ ನಡೆಯದಿದ್ದಾಗ ಹದಿನೆಂಟು ದಿನವೂ ಒಂದೇ ಪದ ಬರೆಯಿತು. "ನಮ್ಮ ಇಲಾಖೆ ಬಗ್ಗೆ ಅದಕ್ಕೂ ಗೊತ್ತಾಗಿದೆ," ಎನ್ನುತ್ತಾರೆ ಗೋದಾ. ಅವರು ನಗುವುದಿಲ್ಲ.

ಕಾರ್ತಿಕದಲ್ಲಿ ಮಕ್ಕಳನ್ನು ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕರೆದೊಯ್ದರು. ಮಾರನೆಯ ದಿನ ಎಲ್ಲರೂ ಕಡಲೆಕಾಯಿಯ ಚಿತ್ರ ಬರೆದರು. ಹದಿನಾಲ್ಕನೇ ಚೌಕದಲ್ಲಿ ಮೂಡಿದ್ದಕ್ಕೆ ಮಾತ್ರ ಕಾಲು ಇದ್ದವು, ನಾಲ್ಕು. "ಪಾಪ, ಅದ್ ಎಲ್ ನೋಡೈತೆ? ಹೊರಗ್ ಬಂದಿಲ್ವಲ್ಲ." ಚಿಕ್ಕಮುನಿಯಮ್ಮ ಸಂಜೆ ಎರಡು ಕಡಲೆಕಾಯಿ ಚೌಕದ ಕೆಳಗೆ ಇಟ್ಟು ಹೋದರು. ಬೆಳಗ್ಗೆ ಚಿತ್ರ ಸರಿಯಾಗಿತ್ತು. ಕಡಲೆಕಾಯಿ ಹಾಗೇ ಇದ್ದವು, ಸಿಪ್ಪೆ ಬಿರಿದಿರಲಿಲ್ಲ. ಬೀಜ ಮಾತ್ರ ಒಳಗಿರಲಿಲ್ಲ.

ಮಾರ್ಚ್ ಬಂದರೆ 'ನನ್ನ ಹೆಸರು' ಪಾಠ. ಪ್ರತಿ ವರ್ಷ ಅದು ನಿಲ್ಲುವುದು ಇಲ್ಲೇ. ಎರಡು ಪದ, ಆಮೇಲೆ ಖಾಲಿ, ಬೇಸಿಗೆ ರಜೆವರೆಗೆ ಅದೇ. ಜೂನಿನಲ್ಲಿ ಮತ್ತೆ ಅಡ್ಡಗೆರೆಯಿಂದ ಶುರು. "ಆರ್ ವರ್ಸದಿಂದ ಒಂದೇ ಕ್ಲಾಸಲ್ ಕೂರ್ಸಿದೀವಿ," ಎಂದು ಚಿಕ್ಕಮುನಿಯಮ್ಮ ಬಟ್ಟೆ ಹಿಂಡುತ್ತಾರೆ.

ಈ ಸಲ ಜೂನ್ ಇಲ್ಲ. ದಾನಿಯೊಬ್ಬರು ಕೋಣೆಯನ್ನು ಸ್ಮಾರ್ಟ್ ಕ್ಲಾಸ್ ಮಾಡಿಸುತ್ತಿದ್ದಾರೆ. ಏಪ್ರಿಲ್‌ನಲ್ಲಿ ಗೋಡೆಗೆಲ್ಲ ಬಣ್ಣದ ಪ್ಯಾನೆಲ್. ಮೂವತ್ತು ಚೌಕವೂ ಅದರ ಹಿಂದೆ. ಒಂದೇ ಒಂದು ಚೌಕ ಬಿಡಿ ಎಂದು ಚಿಕ್ಕಮುನಿಯಮ್ಮ ಮುಖ್ಯಶಿಕ್ಷಕ ವಾದಿರಾಜರನ್ನು ಕೇಳಿದರು. ಆಗಲ್ಲ ಎಂದರು. ಹಾಗಾದರೆ ಗೋಡೆ ಮುಚ್ಚುವ ಮುಂಚೆ ಅದಕ್ಕೊಂದು ಹೆಸರಾದರೂ ಕೊಡಿ, ಹಾಜರಿಯಲ್ಲಿ ಒಂದು ಸಲ ಕೂಗಿ, ಎಂದರು.

"ಆಧಾರ್ ಇಲ್ದೆ ಸಾಫ್ಟ್‌ವೇರ್ ಎಂಟ್ರಿ ತೊಗೊಳಲ್ಲಮ್ಮ," ಎಂದರು ವಾದಿರಾಜ. ದೆವ್ವದ ವಿಷಯದಲ್ಲಿ ಅವರಿಗಿದ್ದ ತಕರಾರು ಅದೊಂದೇ.

ಬಾಯಲ್ಲಿ ಕೂಗಲು ಗೋದಾ ಒಪ್ಪಿದರು. "ಆರಾಧನಾ ಅಂತ ಕರೀಲಾ?"

"ಬ್ಯಾಡ ಮಿಸ್. ಆ ಹೆಸ್ರಿನ್ ಮಗು ಎಲ್ಲೋ ಒಂದ್ ಇರ್ತದೆ. ಅದ್ಕೇನಾರ ಆಗ್ಬುಟ್ರೆ? ನಂದೇ ಕೊಡಿ. ಯಾರೂ ಕರ್ದಿಲ್ಲ, ಬರ್ದಿಲ್ಲ. ಹೊಸದ್ರಂಗೇ ಐತೆ."

"ನಿಮಗೇನಾದ್ರೂ ಆದ್ರೆ?"

"ನಂಗಿನ್ನೇನಾಗ್ತದೆ, ಬುಡಿ."

ಮಂಗಳವಾರ ಗೋದಾ ಹಾಜರಿ ಕೂಗುತ್ತಾರೆ. ಹದಿಮೂರು ಹೆಸರು, ಹದಿಮೂರು 'ಯೆಸ್ ಮಿಸ್'. ಆಮೇಲೆ ರಿಜಿಸ್ಟರ್ ಮುಚ್ಚಿ, "ಚಿಕ್ಕಮುನಿಯಮ್ಮ".

ಮಕ್ಕಳು ಕಿಸಕ್ಕೆಂದು ಬಾಗಿಲ ಕಡೆ ತಿರುಗುತ್ತಾರೆ. ಬಕೆಟ್ ಹಿಡಿದು ನಿಂತಿರುವ ಚಿಕ್ಕಮುನಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ. ಬಾಯಿತಪ್ಪಿ ಓಗೊಟ್ಟುಬಿಟ್ಟರೆ ಹೆಸರು ವಾಪಸ್ ಬಂದಂತೆ. ಗೋದಾ ಮತ್ತೊಮ್ಮೆ ಕೂಗುತ್ತಾರೆ. ಫ್ಯಾನ್ ನಿಂತಿದೆ, ಆದರೂ ದಾರದ ಮೇಲಿನ ಕಾಗದದ ಗಿಳಿ ಮೆಲ್ಲಗೆ ಗೋಡೆಯತ್ತ ತಿರುಗುತ್ತದೆ. ಹದಿಮೂರನೇ ಚೌಕದ ಬಿಂದು, ವಯಸ್ಸು ಆರು, ಪಕ್ಕಕ್ಕೆ ನೋಡಿ ತನ್ನ ಚಾಪೆಯನ್ನು ಚೂರು ಜರುಗಿಸಿಕೊಳ್ಳುತ್ತಾಳೆ.

"ಬಂದಿದಾಳೆ ಮಿಸ್," ಎನ್ನುತ್ತಾಳೆ.

ಬುಧವಾರ, ಬೆಳಗಿನ ಆರೂಕಾಲು. ಚಿಕ್ಕಮುನಿಯಮ್ಮ ಎರಡು ಸಲ ತಟ್ಟುತ್ತಾರೆ. ಬಾಗಿಲ ಆಚೆ ಸೀಮೆಸುಣ್ಣ ಕಿರ್ರ್ ಎನ್ನುತ್ತಿದೆ. ಹತ್ತೆಣಿಸಿಯಾಯಿತು. ಇಪ್ಪತ್ತಾಯಿತು. ಸದ್ದು ನಿಲ್ಲುವುದಿಲ್ಲ. ಕೀಲಿಯತ್ತ ಚಾಚಿದ ನನ್ನ ಕೈಯನ್ನು ಅವರು ಮೆಲ್ಲಗೆ ತಡೆಯುತ್ತಾರೆ: "ತಡೀರಿ, ಇನ್ನೂ ಮುಗ್ದಿಲ್ಲ."

ನಿಂತಿತು. ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲ. ಹದಿನಾಲ್ಕನೇ ಚೌಕದಲ್ಲಿ ಮೇಲೆ 'ನನ್ನ ಹೆಸರು', ಅದರ ಕೆಳಗೆ ಈ ತುದಿಯಿಂದ ಆ ತುದಿಗೆ ದಪ್ಪ ದಪ್ಪ ಅಕ್ಷರ; ಕೊನೆಯದಕ್ಕೆ ಜಾಗ ಸಾಲದೆ ಗೆರೆ ದಾಟಿದೆ.

"ಏನ್ ಬರ್ದೈತೆ, ಓದಿ."

ನಾನು ಓದಿ ಹೇಳಿದಾಗ ಅವರು ನೆಲದ ಮೇಲೆ ಕೂರುತ್ತಾರೆ. ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ವಾಪಸ್ ಹಾಕುತ್ತಾರೆ. ಅಕ್ಷರಕ್ಕೆ ತಾಗದಂತೆ ಬೆರಳನ್ನು ಗಾಳಿಯಲ್ಲಿ ಆ ತುದಿಯಿಂದ ಈ ತುದಿಯವರೆಗೆ ಎಳೆದು ನೋಡುತ್ತಾರೆ.

"ಇಷ್ಟುದ್ದ ಐತಾ ನನ್ನೆಸ್ರು?" ಎನ್ನುತ್ತಾರೆ. "ಅದ್ಕೇ ಅಷ್ಟೊತ್ತು ಹಿಡೀತು, ಮಗೀಗೆ."