ಬಾಲವಿದ್ದ ಕೆಂಪು ಚುಕ್ಕೆ

ವಸುಂಧರಾ ಯಾವುದನ್ನೂ ಒಂದೇ ನೋಟಕ್ಕೆ ನಂಬಿದವಳಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಟೊಮೇಟೊ ಪೊಟ್ಟಣವನ್ನು ತಲೆಕೆಳಗು ಮಾಡಿ, ಅಡಿಯಲ್ಲಿ ಕೊಳೆತದ್ದು ಅಡಗಿದೆಯೇ ಎಂದು ನೋಡುವವಳು. ಬಸ್ಸು ಎರಡು ನಿಮಿಷದಲ್ಲಿ ಬರುತ್ತದೆ ಎಂದು ಬೋರ್ಡು ಹೇಳಿದರೆ, ಬೋರ್ಡಿಗೆ ಬೆನ್ನು ಹಾಕಿ ರಸ್ತೆಯ ತಿರುವನ್ನೇ ದಿಟ್ಟಿಸುವವಳು. 'ನಮ್ಮ ಮದುವೆ ದಿನ ನಾನು ತಾಳಿ ಕಟ್ಟಿದ ಮೇಲೆ ಇವಳು ಗಂಟು ಎಳೆದು ನೋಡಿದ್ಲು' ಎಂದು ಗಂಡ ಕಿಶೋರ್ ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ. ಅದು ಅಪ್ಪಟ ಸುಳ್ಳು. ಆದರೆ ಅವಳನ್ನು ಬಲ್ಲವರು ಯಾರೂ ಅದನ್ನು ಇದುವರೆಗೆ ಅಲ್ಲಗಳೆದಿಲ್ಲ.

ಅವಳ ಕಸುಬೂ ಅಂಥದ್ದೇ. ಐರ್ಲೆಂಡಿನ ರಿಂಗಾಸ್ಕಿಡಿ ಎಂಬ ಊರಿನ ಔಷಧ ಕಾರ್ಖಾನೆಯೊಂದರಲ್ಲಿ ಇಂಜೆಕ್ಷನ್ ಬಾಟಲಿಗಳನ್ನು ಕಣ್ಣಿಂದ ನೋಡಿ ಪಾಸು ಮಾಡುವ ಕೆಲಸ. ಒಂದೊಂದು ಬಾಟಲಿಯನ್ನೂ ಪ್ರಖರ ದೀಪದ ಬೆಳಕಿನಲ್ಲಿ ಕಪ್ಪು ಹಲಗೆಯ ಮುಂದೆ ಐದು ಎಣಿಸುವಷ್ಟು ಹೊತ್ತು, ಬಿಳಿ ಹಲಗೆಯ ಮುಂದೆ ಐದು ಎಣಿಸುವಷ್ಟು ಹೊತ್ತು ಹಿಡಿದು ತಿರುಗಿಸಬೇಕು. ಬಿಳಿ ಎಳೆ ಇದ್ದರೆ ಕಪ್ಪಿನ ಮುಂದೆ ಸಿಕ್ಕಿಬೀಳುತ್ತದೆ, ಕಪ್ಪು ಕಣ ಇದ್ದರೆ ಬಿಳಿಯ ಮುಂದೆ. ಒಂಬತ್ತು ವರ್ಷಗಳಿಂದ ಅವಳು ದಿನಕ್ಕೆ ನೂರಾರು ಬಾಟಲಿಗಳನ್ನು ಹೀಗೆ ಶಂಕಿಸುತ್ತ ಬಂದಿದ್ದಳು. ವರ್ಷಕ್ಕೊಮ್ಮೆ ಕಾರ್ಖಾನೆಯ ನರ್ಸ್ ಎಲ್ಲರ ಕಣ್ಣು ಪರೀಕ್ಷೆ ಮಾಡುತ್ತಾಳೆ. ಅದರಲ್ಲಿ ಫೇಲಾದವರು ಮರುದಿನದಿಂದ ಆ ದೀಪದ ಮುಂದೆ ಕೂರುವಂತಿಲ್ಲ. ಈ ಸಲದ ಪರೀಕ್ಷೆ ಅಕ್ಟೋಬರಿನ ಕೊನೆಯ ಗುರುವಾರವಿತ್ತು. ವಸುಂಧರಾಗೆ ಅದರ ಚಿಂತೆ ಇರಲಿಲ್ಲ. ನಲವತ್ತೆಂಟಾದರೂ ಕನ್ನಡಕ ಹಾಕದವಳು ಇಡೀ ಶಿಫ್ಟಿನಲ್ಲಿ ಅವಳೊಬ್ಬಳೇ, ಮತ್ತು ಆ ಮಾತನ್ನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ನೆನಪಿಸದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಬಂದೂಕಿನ ಹುಚ್ಚು ಮೈಸೂರಿನ ಕಾಲೇಜಿನಿಂದ ಅಂಟಿಕೊಂಡದ್ದು. ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಿಡಿದು ನೆಲಕ್ಕೆ ಮಲಗಿ ಗುರಿ ಹೊಡೆದವಳು, ಐರ್ಲೆಂಡಿಗೆ ಬಂದು ಆರು ವರ್ಷಗಳಾದ ಮೇಲೆ ಕಾರ್ಕ್ ಹತ್ತಿರದ ಒಂದು ಶೂಟಿಂಗ್ ಕ್ಲಬ್ ಸೇರಿದಳು. ಲೈಸೆನ್ಸಿಗೆ ಅರ್ಜಿ ಹಾಕಿ, ಗೋಡೆಗೆ ಬೋಲ್ಟು ಬಿಗಿದ ಕಬ್ಬಿಣದ ಪೆಟ್ಟಿಗೆ ಹಾಕಿಸಿ, ಗಾರ್ಡಾ ಪೊಲೀಸರು ಬಂದು ಅದನ್ನು ಅಲುಗಾಡಿಸಿ ನೋಡಿ ಹೋದ ಮೇಲೆ, ತಾನೂ ಒಮ್ಮೆ ಅಲುಗಾಡಿಸಿ ನೋಡಿದಳು. ಬಂದೂಕು ಇದೆ ಎಂದ ಮಾತ್ರಕ್ಕೆ ಅವಳು ಯಾರ ಜೀವಕ್ಕೂ ಎರವಾದವಳಲ್ಲ. ಮನೆಯೊಳಗೆ ಬಂದ ಜೇಡವನ್ನೂ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುತ್ತಾಳೆ. ಅವಳ ಬೇಟೆಯೆಲ್ಲ ಐವತ್ತು ಮೀಟರ್ ದೂರದ ಕಾಗದದ ವೃತ್ತಗಳದ್ದು.

ಈ ವರ್ಷ ಬೇಸಿಗೆಯಿಂದ ಅವಳ ಗುರಿ ಕೆಟ್ಟಿತ್ತು. ನಳಿಗೆಯ ತುದಿಯಲ್ಲಿರುವ ಗುರಿಕಡ್ಡಿ ಮಸುಕು ಮಸುಕಾಗಿ ಕಾಣುತ್ತಿತ್ತು. ಬಣ್ಣ ಸವೆದಿದೆ ಎಂದು ಅವಳು ಎರಡು ಸಲ ಕಪ್ಪು ಬಣ್ಣ ಬಳಿದಳು. ಆಮೇಲೆ ಕ್ಲಬ್ಬಿನ ಶೂಟಿಂಗ್ ರೇಂಜಿನ ದೀಪಗಳ ಮೇಲೆ ಅನುಮಾನಪಟ್ಟು ಕಮಿಟಿಗೆ ದೂರು ಕೊಟ್ಟಳು. ಅದೂ ಆಗಿ ಏನೂ ಪ್ರಯೋಜನವಾಗದಿದ್ದಾಗ ಶಾಹಬಾಜ್ ಒಂದು ದಾರಿ ಹೇಳಿದ.

ಶಾಹಬಾಜ್ ಹುಬ್ಬಳ್ಳಿಯವನು, ಕಾರ್ಕ್‌ನ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ. ಕ್ಲಬ್ಬಿನಲ್ಲಿ ಕನ್ನಡ ಮಾತಾಡುವವರು ಇವರಿಬ್ಬರೇ ಆದ್ದರಿಂದ ಐದು ವರ್ಷಗಳಲ್ಲಿ ಒಡಹುಟ್ಟಿದವರಂತಾಗಿದ್ದರು. ಅವನು ಟಾರ್ಗೆಟ್ ಅಷ್ಟೇ ಅಲ್ಲ, ಒಬ್ಬ ಹೈನುಗಾರನ ಹೊಲದಲ್ಲಿ ಆತನ ಒಪ್ಪಿಗೆ ಪಡೆದು ಮೊಲದ ಬೇಟೆಗೂ ಹೋಗುತ್ತಿದ್ದ.

"ಅಕ್ಕಾರ, ಬಂದೂಕಿನ ಮ್ಯಾಲೆ ರೆಡ್ ಡಾಟ್ ಗಾಜು ಹಾಕ್ಸ್ರಿ" ಎಂದ. "ಮುಂದಿನ ಕಡ್ಡಿ, ಹಿಂದಿನ ಕಚ್ಚು ಹೊಂದ್ಸೋ ಗದ್ದಲಾನ ಇಲ್ಲ. ಚುಕ್ಕಿ ಎಲ್ಲಿ ಕುಂದರ್ತದೋ ಗುಂಡು ಅಲ್ಲೇ ಬೀಳ್ತದ."

ಮನೆಯಲ್ಲಿ ವಿಷಯ ಎತ್ತಿದಾಗ ಕಿಶೋರ್ ಲ್ಯಾಪ್‌ಟಾಪಿನಿಂದ ತಲೆ ಎತ್ತಿದ. "ಸಿನಿಮಾದಲ್ಲಿ ವಿಲನ್ ಎದೆ ಮೇಲೆ ಬೀಳುತ್ತಲ್ಲ, ಆ ಕೆಂಪು ಚುಕ್ಕೆನಾ?"

"ಅದು ಲೇಸರ್ ರೀ. ಇದು ಹೊರಗೆಲ್ಲೂ ಬೀಳಲ್ಲ. ಗಾಜಿನೊಳಗೇ ಇರುತ್ತೆ. ನೋಡೋರಿಗೆ ಮಾತ್ರ ಕಾಣುತ್ತೆ."

"ನೋಡೋರಿಗೆ ಮಾತ್ರ ಕಾಣೋದನ್ನ ನೀನು ಹೇಗೇ ನಂಬ್ತೀಯ?"

ವಸುಂಧರಾ ಮೂರು ಸಂಜೆ ಕೂತು ಓದಿದಳು. ಚುಕ್ಕೆಯ ಗಾತ್ರ ಎಷ್ಟಿರಬೇಕು, ಬೆಳಕನ್ನು ಎಷ್ಟು ಹಂತದಲ್ಲಿ ಏರಿಸಿ ಇಳಿಸಬಹುದು, ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ, ತನ್ನ ರೈಫಲ್ಲಿನ ಮೇಲೆ ಅದನ್ನು ಕೂರಿಸಲು ಯಾವ ಹಿಡಿಕೆ ಬೇಕು ಎಂದು ಪಟ್ಟಿ ಮಾಡಿದಳು. ಹೊಗಳಿ ಬರೆದವರನ್ನೆಲ್ಲ ಕಂಪನಿಯ ಕಡೆಯವರೆಂದು ಬದಿಗಿಟ್ಟಳು. ಬೈದವರನ್ನು ಎದುರಾಳಿ ಕಂಪನಿಯವರೆಂದು ಬದಿಗಿಟ್ಟಳು. ಕೊನೆಗೆ ಓದಿದ್ದೆಲ್ಲ ಬದಿಗೇ ಉಳಿಯಿತು.

ಬಂದೂಕಿನ ಅಂಗಡಿಯ ಮುದುಕ ಕಾನರ್ ಕೇಳಿದ್ದು ಒಂದೇ ಪ್ರಶ್ನೆ, ಬೇಟೆಗೋ ಟಾರ್ಗೆಟ್ಟಿಗೋ ಎಂದು. ಬೇಟೆಗಾದರೆ ದೊಡ್ಡ ಚುಕ್ಕೆ ಒಳ್ಳೆಯದಂತೆ. ಮೊಲ ನಿಂತು ಕಾಯುವುದಿಲ್ಲ, ಚುಕ್ಕೆ ತಟ್ಟನೆ ಕಣ್ಣಿಗೆ ಸಿಗಬೇಕು. ಕಾಗದಕ್ಕೆ ಚಿಕ್ಕದೇ ಆಗಬೇಕು, ದೊಡ್ಡದಾದರೆ ನಡುವಿನ ವೃತ್ತವನ್ನೇ ಮುಚ್ಚಿಬಿಡುತ್ತದೆ. ಈ ಮಾತು ಅವಳಿಗೆ ಸರಿ ಕಂಡಿತು. ಸರಿ ಕಂಡದ್ದೇ ಅವಳಿಗೆ ಸ್ವಲ್ಪ ಅನುಮಾನ ತಂದಿತು. ಆದರೂ ಚಿಕ್ಕ ಚುಕ್ಕೆಯದನ್ನು ತಂದಳು.

ಮನೆಗೆ ಬಂದು ಅದನ್ನು ಬಂದೂಕಿಗೆ ಹಾಕುವ ಮೊದಲು ಕೈಯಲ್ಲೇ ಹಿಡಿದು ಪರೀಕ್ಷೆ ಮಾಡಿದಳು. ಗೋಡೆಗೆ ತೂಗುಹಾಕಿದ್ದ ದೋಸೆ ಕಾವಲಿಯ ಮುಂದೆ ಐದು ಎಣಿಸಿದಳು, ಫ್ರಿಜ್ಜಿನ ಬಿಳಿ ಬಾಗಿಲ ಮುಂದೆ ಐದು ಎಣಿಸಿದಳು. ಗಾಜಿನ ನಡುವೆ ಕೆಂಪು ಚುಕ್ಕೆ ಇತ್ತು. ಆದರೆ ಅದಕ್ಕೊಂದು ಬಾಲವಿತ್ತು. ಬಲಕ್ಕೆ ಕೆಳಗಡೆ ಸಣ್ಣದಾಗಿ ಇಳಿಬಿದ್ದ ಬಾಲ, ಬರೆಯುವಾಗ ಹಾಕುವ ಅಲ್ಪವಿರಾಮದ ಹಾಗೆ.

"ರಿಜೆಕ್ಟ್" ಎಂದಳು, ಕಾರ್ಖಾನೆಯಲ್ಲಿ ಹೇಳುವ ಅದೇ ದನಿಯಲ್ಲಿ.

ಕಾನರ್ ಮರುಮಾತಿಲ್ಲದೆ ಬದಲಿಸಿ ಕೊಟ್ಟ. ಎರಡನೆಯದಕ್ಕೂ ಬಾಲವಿತ್ತು. ಬೇರೆ ಕಂಪನಿಯ ಮೂರನೆಯದಕ್ಕೂ ಬಾಲ, ಅದೂ ಅದೇ ಬಲಕ್ಕೆ, ಅದೇ ಕೆಳಕ್ಕೆ. ಮೂರನೆಯದನ್ನು ಹಿಂದಿರುಗಿಸಿದ ದಿನ ಕಾನರ್ ಅದನ್ನು ತನ್ನ ಕಣ್ಣಿಗೆ ಹಿಡಿದು ನೋಡಿ, ನನಗೇನೋ ದುಂಡಗೇ ಇದೆ, ನಿಮ್ಮ ಕಣ್ಣು ಯಾವಾಗ ತೋರಿಸಿದ್ದು ಎಂದು ಮೆಲ್ಲಗೆ ಕೇಳಿದ.

ವಸುಂಧರಾ ನಕ್ಕಳು. ಮನೆ ಸೇರುವಷ್ಟರಲ್ಲಿ ಆ ನಗು ಉರಿಯಾಗಿತ್ತು. "ನನ್ನ ಕಣ್ಣಂತೆ! ಬಾಟಲಿಯೊಳಗಿನ ಕೂದಲೆಳೆ ಹಿಡಿಯೋ ಕಣ್ಣು ರೀ ಇದು. ಇಂಡಿಯಾದವಳು, ಅದೂ ಹೆಂಗಸು, ಇವಳಿಗೇನು ಗೊತ್ತಾಗುತ್ತೆ ಅಂತ ವಾಪಸ್ ಬಂದಿದ್ದನ್ನೆಲ್ಲ ನನ್ನ ತಲೆಗೆ ಕಟ್ತಿದ್ದಾನೆ."

"ಇರಬಹುದು" ಎಂದ ಕಿಶೋರ್. ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಆ ಪದದ ಬೆಲೆ ಗೊತ್ತಿತ್ತು.

ವಿಷಯ ತಿಳಿದ ಶಾಹಬಾಜ್ ತನ್ನದನ್ನೇ ಬಿಚ್ಚಿ ಅವಳ ಕೈಗಿಟ್ಟ. ಎರಡು ವರ್ಷ ಬಳಸಿದ್ದು, ಒಂದು ದಿನವೂ ಕೈಕೊಟ್ಟಿಲ್ಲ, ವಾರವಿಡೀ ಇಟ್ಟುಕೊಂಡು ನೋಡಿ, ಹಿಡಿಸಿದರೆ ಇಂಥದ್ದೇ ತರಿಸೋಣ ಎಂದ. ಅವಳು ಕಾವಲಿಯ ಮುಂದೆ ಹಿಡಿದಳು. ಬಾಲ.

ಆಗ ಅವಳ ತಲೆಯಲ್ಲಿ ಎಲ್ಲ ಒಂದಕ್ಕೊಂದು ಸೇರಿಕೊಂಡಿತು. ಕಾನರ್ ಅಂಗಡಿ ತೋರಿಸಿದವನು ಯಾರು? ಶಾಹಬಾಜ್. ರೆಡ್ ಡಾಟ್ ಎಂಬ ಮಾತು ತೆಗೆದವನು ಯಾರು? ಶಾಹಬಾಜ್. ಈಗ ತನ್ನ ಹಳೆಯದನ್ನು ಸಾಗಹಾಕಲು ನೋಡುತ್ತಿರುವವನು ಯಾರು? ಅವನು ಮಾರುವ ಮಾತೇ ಆಡಿರಲಿಲ್ಲ ಎಂಬುದು ಅವಳ ಲೆಕ್ಕಕ್ಕೆ ಬರಲಿಲ್ಲ. ಸಂಶಯ ಹತ್ತಿದವರಿಗೆ ಇಂಥ ಸಣ್ಣಪುಟ್ಟ ಅಡ್ಡಿಗಳು ಎಂದೂ ಕಣ್ಣಿಗೆ ಬೀಳುವುದಿಲ್ಲ.

ಶನಿವಾರ ರೇಂಜಿನ ಹೊರಗಿನ ಬೆಂಚಿನ ಮೇಲೆ ಅದನ್ನು ಅವನ ಮುಂದಿಟ್ಟಳು. "ತಗೋ ನಿನ್ನ ಮಾಲು. ಆ ಕಾನರ್‌ಗೂ ನಿನಗೂ ಏನು ಒಪ್ಪಂದ ಇದೆ ಅಂತ ಇವತ್ತು ಹೇಳ್ಬಿಡು. ನನ್ನ ಹತ್ರ ಸುಳ್ಳು ನಡೆಯಲ್ಲ."

ಮೊದಲು ಅವನು ತಮಾಷೆ ಎಂದುಕೊಂಡ. ಅವಳ ಮುಖ ನೋಡಿದ ಮೇಲೆ ಅವನ ಮುಖ ಸಣ್ಣದಾಯಿತು. "ಅಕ್ಕಾರ, ನಾ ನಿಮಗ ಮೋಸಾ ಮಾಡ್ತೀನೇನ್ರಿ? ನಮ್ಮ ಗುಲ್ಶನ್ ಹೆರಿಗಿಗೆ ಹೋದಾಗ ಮೂರು ದಿನಾ ಮನ್ಯಾಗ ನಿಂತವರು ನೀವು."

"ಹಾಗಾದ್ರೆ ಈ ಬಾಲ ಎಲ್ಲಿಂದ ಬಂತು?"

"ಬಾಲ?" ಅವನು ಕಣ್ಣಿಗೆ ಹಿಡಿದು ನೋಡಿದ. ಫೋನು ತೆಗೆದು ಗಾಜಿನ ಮೂಲಕ ಒಂದು ಫೋಟೊ ಹೊಡೆದು ತೋರಿಸಿದ. ಚುಕ್ಕೆ ಸಾಸಿವೆ ಕಾಳಿನಂತೆ ದುಂಡಗಿತ್ತು. ವಸುಂಧರಾ ಒಪ್ಪಲಿಲ್ಲ. ಈಗಿನ ಫೋನುಗಳು ಮುದುಕಿಯನ್ನೇ ಹುಡುಗಿ ಮಾಡುತ್ತವೆ, ಚುಕ್ಕೆಯನ್ನು ದುಂಡಗೆ ಮಾಡುವುದು ಯಾವ ದೊಡ್ಡದು ಎಂದಳು.

ಶಾಹಬಾಜ್ ಫೋನನ್ನು ಜೇಬಿಗೆ ಹಾಕಿದ. "ಆತು ಬಿಡ್ರಿ. ಫೋನು ಬ್ಯಾಡ, ನಾನೂ ಬ್ಯಾಡ. ನೀವೇ ನೋಡ್ರಿ. ಬಾಲ ಈಗ ಯಾ ಕಡೆ ಐತಿ?"

"ಬಲಕ್ಕೆ, ಕೆಳಗೆ."

"ಈಗ ಅದನ್ನ ಉಲ್ಟಾ ಹಿಡೀರಿ. ತಪ್ಪು ಅದರೊಳಗ ಇದ್ರ, ಬಾಲಾನೂ ಅದರ ಕೂಡ ತಿರುಗಿ ಮ್ಯಾಲೆ ಹೋಗ್ಬೇಕು."

ಇದು ಅವಳಿಗೆ ಒಪ್ಪುವ ಮಾತಾಗಿತ್ತು. ಬಾಟಲಿಯೊಳಗೆ ಕಣ ಇದೆಯೋ ಅಥವಾ ಹೊರಗಿನ ಗಾಜಿಗೆ ಧೂಳು ಹತ್ತಿದೆಯೋ ಎಂದು ಅವಳೂ ತಿರುಗಿಸಿಯೇ ತಿಳಿಯುತ್ತಿದ್ದಳು. ಉಲ್ಟಾ ಹಿಡಿದು ನೋಡಿದಳು. ಬಾಲ ಬಲಕ್ಕೆ, ಕೆಳಗೇ ಇತ್ತು. ಅಡ್ಡ ಹಿಡಿದಳು. ಅಲ್ಲೇ ಇತ್ತು. ತನ್ನ ತಲೆಯನ್ನು ಭುಜಕ್ಕೆ ವಾಲಿಸಿದಳು. ಬಾಲ ತಲೆಯ ಜೊತೆಗೆ ವಾಲಿತು. ಬಲಗಣ್ಣು ಮುಚ್ಚಿ, ಎಂದೂ ಗುರಿಗೆ ಬಳಸದ ಎಡಗಣ್ಣಿಗೆ ಹಿಡಿದಳು. ಚುಕ್ಕೆ ದುಂಡಗಿತ್ತು.

ಎಷ್ಟೋ ಹೊತ್ತು ಅವಳು ಅದನ್ನು ಕಣ್ಣಿನಿಂದ ಇಳಿಸಲೇ ಇಲ್ಲ. ಇಳಿಸಿದರೆ ಎದುರಿಗಿದ್ದವನ ಮುಖ ನೋಡಬೇಕಾಗಿತ್ತು.

"ತಪ್ಪಾಯ್ತು ಕಣೋ" ಎಂದಳು ಕೊನೆಗೆ.

"ಇರ್ಲಿ ಬಿಡ್ರಿ ಅಕ್ಕಾರ. ಮೊದ್ಲ ಡಾಕ್ಟರ್‌ಗೆ ತೋರಿಸ್ರಿ."

"ಶಾಹಬಾಜ್, ಇದನ್ನ ಯಾರ ಹತ್ರಾನೂ ಹೇಳ್ಬೇಡ. ಗುರುವಾರ ನಮ್ಮಲ್ಲಿ ಕಣ್ಣು ಪರೀಕ್ಷೆ ಇದೆ."

ಅವನು ಆಯಿತೆಂದು ತಲೆಯಾಡಿಸಿದ. ಆದರೆ ಕಾರಿನಲ್ಲಿ ವಾಪಸು ಬರುವಾಗ ಅವಳಿಗೆ ಅದರ ಮೇಲೂ ಅನುಮಾನ ಶುರುವಾಯಿತು. ಅವನು ಹೆಂಡತಿ ಗುಲ್ಶನ್‌ಗೆ ಹೇಳದೆ ಇರುತ್ತಾನೆಯೇ? ಗುಲ್ಶನ್ ಇನ್ನೊಬ್ಬರಿಗೆ ಹೇಳದೆ ಇರುತ್ತಾಳೆಯೇ? ಇಷ್ಟೆಲ್ಲ ಉಪಕಾರ ಮಾಡಿದವನ ಬಗ್ಗೆ ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಕಿಶೋರ್‌ಗೆ ಅವಳು ಏನೂ ಹೇಳಲಿಲ್ಲ.

ಸೋಮವಾರ ದೀಪದ ಮುಂದೆ ಕೂತಾಗ ಕೈ ತಾನಾಗಿಯೇ ಬಾಟಲಿ ಎತ್ತಿಕೊಂಡಿತು. ಕಪ್ಪಿಗೆ ಐದು, ಬಿಳಿಗೆ ಐದು. ಶುಭ್ರವಾಗಿತ್ತು. ಮುಂದಿನದೂ ಶುಭ್ರ. ಒಂಬತ್ತು ವರ್ಷ ಅವಳನ್ನು ಕಾಡಿದ್ದು ಕೊಳೆ. ಮೊದಲ ಸಲ ಶುಭ್ರತೆ ಕಾಡಿತು. ಇದರಲ್ಲಿ ಏನೂ ಇಲ್ಲವೋ, ಅಥವಾ ಇರುವುದು ತನಗೆ ಕಾಣುತ್ತಿಲ್ಲವೋ? ಎರಡೂ ಕಣ್ಣು ತೆರೆದಿರುವಾಗ ಎಡಗಣ್ಣು ಎಷ್ಟನ್ನು ಸಂಭಾಳಿಸುತ್ತಿದೆಯೋ ಯಾರಿಗೆ ಗೊತ್ತು. ಈ ಬಾಟಲಿಯ ಮದ್ದು ಯಾರದೋ ನರದೊಳಗೆ ನೇರವಾಗಿ ಇಳಿಯುವಂಥದ್ದು. ಪಕ್ಕದಲ್ಲಿ ಕೂರುವ ಶಕುಂತಲಾಳನ್ನು ಕರೆದು, "ಇದೊಂದು ನೋಡೇ" ಎಂದಳು. ಶಕುಂತಲಾ ನೋಡಿ, ಚೆನ್ನಾಗಿದೆ ಎನ್ನಲು ಐರಿಷರು ಹೇಳುವ ಹಾಗೆ, "ಗ್ರ್ಯಾಂಡ್ ಇದೆ ಅಲ್ವಾ, ಏನಾಯ್ತು ನಿಮ್ಗೆ?" ಎಂದಳು. ಆ ಶಿಫ್ಟಿನಲ್ಲಿ ವಸುಂಧರಾ ಅರ್ಧದಷ್ಟು ಕೆಲಸವನ್ನೂ ಮುಗಿಸಲಿಲ್ಲ. ಮಂಗಳವಾರ, ಬುಧವಾರ ರಜೆ ಹಾಕಿದಳು.

ಗುರುವಾರ ಬೆಳಿಗ್ಗೆ ನರ್ಸ್ ಎಂದಿನಂತೆ ನಗುನಗುತ್ತಲೇ ಮಾತಾಡಿಸಿದಳು. ಗೆರೆಯ ಹಿಂದೆ ನಿಲ್ಲಿಸಿ, ಎಡಗಣ್ಣು ಮುಚ್ಚಿಕೊಂಡು ಗೋಡೆಯ ಚಾರ್ಟಿನ ಕೆಳಗಿನ ಸಾಲು ಓದಲು ಹೇಳಿದಳು. ವಸುಂಧರಾ ಬಾಯಿ ತೆರೆದಳು. "ಪಿ, ಎಚ್, ಯು, ಎನ್, ಟಿ, ಝಡ್" ಎಂದು ಸರಾಗವಾಗಿ ಬಂತು. "ಪರ್ಫೆಕ್ಟ್" ಎಂದ ನರ್ಸ್ ಫಾರಂ ಎಳೆದುಕೊಂಡಳು.

ವಸುಂಧರಾ ಎಡಗಣ್ಣಿನ ಮೇಲಿನ ಕೈ ತೆಗೆದಿರಲಿಲ್ಲ. ಗೋಡೆಯ ಆ ಸಾಲಿನಲ್ಲಿ ಅಕ್ಷರಗಳಿರಲಿಲ್ಲ, ಒದ್ದೆ ಇರುವೆಗಳಂಥ ಏನೋ ಇದ್ದವು. ತಾನು ಹೇಳಿದ್ದು ನೋಡಿ ಅಲ್ಲ. ಒಂಬತ್ತು ವರ್ಷ ಒಂದೇ ಚಾರ್ಟು. ಎರಡರಿಂದ ಇಪ್ಪತ್ತರವರೆಗಿನ ಮಗ್ಗಿ, ಮೈಸೂರು ಒಡೆಯರ ಪಟ್ಟಿ, ಹಳೆಗನ್ನಡದ ಪದ್ಯಗಳು, ಎಲ್ಲವೂ ಅರ್ಥ ಕೇಳದೆ ಒಳಗಿಳಿದು ಕೂತ ಜಾಗದಲ್ಲೇ ಈ ಆರು ಅಕ್ಷರಗಳೂ ಯಾವಾಗಲೋ ಹೋಗಿ ಕೂತಿದ್ದವು. ಹೋದ ವರ್ಷ ತಾನು ಪಾಸಾದದ್ದು ನೋಡಿಯೋ, ಒಪ್ಪಿಸಿಯೋ? ಅದರ ಹಿಂದಿನ ವರ್ಷ? ಮೋಸ ಮಾಡಿದವರನ್ನು ಊರೆಲ್ಲ ಹುಡುಕಿದ್ದಳು.

ನರ್ಸ್ ಆಗಲೇ ಟಿಕ್ ಹಾಕಲು ಪೆನ್ನು ಇಳಿಸಿದ್ದಳು. ಇನ್ನೊಂದು ಕ್ಷಣ ಸುಮ್ಮನಿದ್ದರೆ ಸಾಕಿತ್ತು, ಇನ್ನೊಂದು ವರ್ಷ ಯಾರೂ ಕೇಳುತ್ತಿರಲಿಲ್ಲ. ಶಾಹಬಾಜ್ ಬಾಯಿ ಬಿಡುವವನಲ್ಲ. ಅದೀಗ ಅವಳಿಗೆ ಖಂಡಿತವಾಗಿ ಗೊತ್ತಿತ್ತು.

"ಅದನ್ನು ಬರೆಯಬೇಡಿ" ಎಂದಳು ಇಂಗ್ಲಿಷಿನಲ್ಲಿ. "ನಾನು ಓದಲಿಲ್ಲ. ನನಗೆ ಬಾಯಿಪಾಠ ಬರುತ್ತದೆ. ಬೇರೆ ಚಾರ್ಟ್ ಇದ್ದರೆ ಹಾಕಿ."

ನರ್ಸ್ ಅವಳನ್ನು ಒಮ್ಮೆ ನೋಡಿ, ಬೀರು ತೆರೆದು ಬೇರೊಂದು ಚಾರ್ಟು ತಂದು ಅದೇ ಮೊಳೆಗೆ ಸಿಕ್ಕಿಸಿದಳು. ವಸುಂಧರಾ ಮೇಲಿನ ಮೂರು ಸಾಲು ಓದಿದಳು. ನಾಲ್ಕನೆಯದರಲ್ಲಿ ಎರಡು ಅಕ್ಷರ ತಪ್ಪಿದವು. ಐದನೆಯ ಸಾಲಿಗೆ ಬಂದಾಗ ಊಹೆ ಮಾಡಲು ಬಾಯಿ ತವಕಿಸಿತು. ಅವಳು ಅದಕ್ಕೆ ಬಿಡಲಿಲ್ಲ.

"ಕಾಣ್ತಿಲ್ಲ" ಎಂದಳು. ಕನ್ನಡದಲ್ಲಿ ಹೇಳಿದ್ದೇನೆಂದು ತಿಳಿದು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದಳು.

ಪರವಾಗಿಲ್ಲ, ಕಣ್ಣಿನ ಡಾಕ್ಟರರಿಗೆ ಬರೆದುಕೊಡುತ್ತೇನೆ, ಕನ್ನಡಕದಲ್ಲೇ ಸರಿಹೋದರೂ ಹೋಗಬಹುದು, ಅಲ್ಲಿಯವರೆಗೆ ಬೇರೆ ಕೆಲಸ ಕೊಡುತ್ತಾರೆ ಎಂದು ನರ್ಸ್ ಸಮಾಧಾನದ ದನಿಯಲ್ಲಿ ಹೇಳುತ್ತ ಹೋದಳು. ವಸುಂಧರಾ ಕಣ್ಣಿನ ಮೇಲಿನ ಕೈ ಇಳಿಸಿದಳು.

"ಸೂಪರ್‌ವೈಸರನ್ನು ಈಗಲೇ ಕರೆಯಿರಿ" ಎಂದಳು. "ಬೇಸಿಗೆಯಿಂದ ಈಚೆಗೆ ನಾನು ಪಾಸು ಮಾಡಿದ ಒಂದೊಂದನ್ನೂ ಇನ್ನೊಬ್ಬರು ನೋಡಬೇಕು."