ಅಂಬುಜಾಳ ಪೆಟ್ಟಿಗೆ ಸಮುದ್ರಕ್ಕೆ ಹೋದದ್ದು

ರಾಜಾಜಿನಗರದ ಅಂಬುಜಾ ಸಮುದ್ರವನ್ನು ನೋಡಿದ್ದು ಒಂದೇ ಸಲ, ಕಾಲೇಜಿನ ಪ್ರವಾಸದಲ್ಲಿ, ಮದರಾಸಿನಲ್ಲಿ. ಆದರೆ ಎಪ್ಪತ್ತರ ದಶಕದ ಮೊದಲ ವರ್ಷಗಳನ್ನೆಲ್ಲ ಅವಳು ತೇದದ್ದು ಸಮುದ್ರದೊಳಗೆ ಮುಳುಗಿ ಓಡಾಡುವ ಹಡಗಿಗಾಗಿ. ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ರಕ್ಷಣಾ ಇಲಾಖೆಯ ಪ್ರಯೋಗಾಲಯಕ್ಕೆ ಸೇರಿದ ದಿನವೇ ಗುಟ್ಟು ಕಾಯುತ್ತೇನೆಂದು ಸಹಿ ಹಾಕಿಕೊಟ್ಟಿದ್ದಳು. ತಾಯಿ ಕಲ್ಯಾಣಮ್ಮ ಕೇಳಿದವರಿಗೆಲ್ಲ "ಅದೇನೋ ಮೀಟರು ಮಾಡೋ ಸರ್ಕಾರಿ ಆಫೀಸು" ಎಂದು ಹೇಳಿ ಮಾತು ಮುಗಿಸುತ್ತಿದ್ದರು.

ನೀರೊಳಗಿನ ಹಡಗಿಗೆ ದಡ ಕಾಣದು, ನಕ್ಷತ್ರವೂ ಕಾಣದು. ತನ್ನ ಮೈಗೆ ಬೀಳುವ ನೂಕು, ಜಗ್ಗುಗಳಿಂದಲೇ ತಾನೆಲ್ಲಿದ್ದೇನೆಂದು ಅದು ಅರಿಯಬೇಕು. ಹೊಸದಾಗಿ ಕೆಲಸಕ್ಕೆ ಬಂದ ಜಗನ್ನಾಥನಿಗೆ ಅಂಬುಜಾ ಇದನ್ನು ತಿಳಿಸಿದ ರೀತಿ ಹೀಗಿತ್ತು:

"ಕಣ್ಣು ಮುಚ್ಕೊಂಡು ಕೆಂಗೇರಿ ಬಸ್ಸಲ್ಲಿ ಕೂತ್ಕೊಳ್ಳಿ. ಬ್ರೇಕ್ ಹಾಕಿದ್ದು, ತಿರುಗಿದ್ದು, ಜೋರಾಗಿ ಹೋಗಿದ್ದು ಎಲ್ಲಾ ಮೈಗೆ ಗೊತ್ತಾಗುತ್ತೆ. ಸರಿಯಾಗಿ ಲೆಕ್ಕ ಇಟ್ರೆ ಎಲ್ಲಿದೀವಿ ಅಂತ ಹೇಳ್ಬಹುದು. ಆದ್ರೆ ಭೂಮಿಯ ಎಳೆತ ಎಲ್ಲಾ ಕಡೆ ಒಂದೇ ಸಮ ಇರಲ್ಲ ನೋಡಿ, ಅದನ್ನೂ ಒಂದು ನೂಕು ಅಂತ ತಪ್ಪು ತಿಳ್ಕೊಂಡ್ರೆ ಲೆಕ್ಕ ಹಾಳು. ಆ ವ್ಯತ್ಯಾಸ ಹಿಡಿಯೋದು ನಮ್ಮ ಪೆಟ್ಟಿಗೆ."

ಪೆಟ್ಟಿಗೆಯೊಳಗೆ ಇದ್ದದ್ದು ಕೂದಲಿಗಿಂತ ತೆಳ್ಳಗಿನ ಸ್ಫಟಿಕದ ಎಳೆ, ಅದಕ್ಕೆ ತೂಗುಬಿಟ್ಟ ಪುಟ್ಟದೊಂದು ತೂಕ. ಎಳೆತ ಇಷ್ಟೇ ಇಷ್ಟು ಹೆಚ್ಚಾದರೂ ತೂಕ ಜಗ್ಗಿ, ಮೇಲಿನ ಮುಳ್ಳು ಸರಿಯುತ್ತಿತ್ತು. ಬೆಂಕಿಯ ಮುಂದೆ ಕೂತು ಆ ಎಳೆ ತೆಗೆಯುವ ಹದ ಕೈಗೆ ಹತ್ತುವಷ್ಟರಲ್ಲಿ ಅಂಬುಜಾಳ ಕನ್ನಡಕ ಎರಡು ಸಲ ಬದಲಾಗಿತ್ತು. ಪಕ್ಕದ ಕಾರ್ಖಾನೆಗಳ ಪ್ರೆಸ್ಸುಗಳು ಗುದ್ದಿದರೂ ಮುಳ್ಳು ನಡುಗುತ್ತದೆಂದು ಹೆಗ್ಗನಹಳ್ಳಿಯ ಆಚೆ ಬರಿ ಬಂಡೆಯ ಮೇಲೆ ಪ್ರಯೋಗಾಲಯದವರೇ ಒಂದು ಶೆಡ್ಡು ಕಟ್ಟಿಸಿದರು. ಅಳತೆ ನಡೆಯುವ ದಿನ ಗಾಡಿಗಳು ಹತ್ತಿರ ಬರದಿರಲೆಂದು ಅದರ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಅಲ್ಲಿ ಗಾಡಿ ಹೊಡೆಯುತ್ತಿದ್ದ ರೈತ ನಂಜುಂಡಪ್ಪ ಒಳಗೇನಿದೆಯೆಂದು ಒಮ್ಮೆಯೂ ಕೇಳಲಿಲ್ಲ. "ಯಮ್ಮಾ, ನೀನು ಕೆಂಪು ಬಟ್ಟೆ ಕಟ್ಟಿದ್ ದಿನ ನಾನು ಆ ಕಡೆಯಿಂದ ಸುತ್ಕಂಡು ಹೋಯ್ತೀನಿ" ಅಂದ. ಹಾಗೇ ನಡೆದುಕೊಂಡ.

ಪೆಟ್ಟಿಗೆಯದು ಒಂದೇ ಹಟ. ಒಳಗಿನ ಕಾವು ಸದಾ ಒಂದೇ ಸಮನಿರಬೇಕು. ಕರೆಂಟು ಹೋಗಿ ಬಂದರೆ ಇಡೀ ದಿನ ಬೆಚ್ಚಗಾಗಲು ಬಿಟ್ಟು, ಆಮೇಲಷ್ಟೇ ಅಳತೆ ಬರೆದುಕೊಳ್ಳಬೇಕು. ಅವಸರ ಮಾಡಿದರೆ ಮುಳ್ಳು ಸುಳ್ಳು ಹೇಳುತ್ತದೆ.

ಜಗನ್ನಾಥ ಚುರುಕು, ವಿನಯವಂತ. ಕೆಲವೇ ದಿನಗಳಲ್ಲಿ ಅಂಬುಜಾಳ ಮನೆಯವರಿಗೂ ಬೇಕಾದವನಾದ. ತಂಗಿ ಪಂಕಜಾಳಿಗೆ ಅವನನ್ನು ನೋಡಿ, ತಾನೇ ಮುಂದೆ ನಿಂತು ಧಾರೆ ಎರೆಸಿದಳು ಅಂಬುಜಾ. ಮದುವೆಯಾದ ಜೋಡಿ ಬಸವೇಶ್ವರನಗರದ ಹೊಸ ಬಡಾವಣೆಯಲ್ಲಿ ಬಾಡಿಗೆಗೆ ಒಂದು ಪೋರ್ಷನ್ ಹಿಡಿಯಿತು. ಆಫೀಸಿನಲ್ಲಿ "ಮೇಡಂ" ಅನ್ನುತ್ತಿದ್ದವನು ಮನೆಯಲ್ಲಿ "ಅಕ್ಕ" ಅಂದ.

ಕೊನೆಗೂ ಪೆಟ್ಟಿಗೆ ಸಮುದ್ರಕ್ಕಿಳಿಯುವ ಕಾಲ ಬಂತು. ಆ ಹಡಗಿಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಅಂಬುಜಾ ಅತ್ತು ಕರೆಯಲಿಲ್ಲ. ಜಗನ್ನಾಥನನ್ನು ಕೂರಿಸಿಕೊಂಡು ಮತ್ತೆ ಮತ್ತೆ ಪಾಠ ಒಪ್ಪಿಸಿಕೊಂಡಳು.

"ಕರೆಂಟ್ ಹೋದ್ರೆ?"

"ಕಾಯ್ತೀನಿ ಅಕ್ಕ. ಪೂರ್ತಿ ದಿನ ಕಾಯ್ತೀನಿ. ನೀವು ಯೋಚ್ನೆ ಬಿಡಿ."

ಹಡಗಿನಿಂದ ಅವನು ಸೊರಗಿ ಹಿಂತಿರುಗಿದ. ಅಂಬುಜಾಳ ಕಣ್ಣು ತಪ್ಪಿಸಿಯೇ, ಎಳೆ ಸೋತಿದೆ, ಮುಳ್ಳು ನಿಲ್ಲಲಿಲ್ಲ ಎಂದ. ವರದಿಯೂ ಹಾಗೇ ಹೋಯಿತು. ಸ್ಫಟಿಕದ ಎಳೆ ತೆಗೆದವಳು ಅಂಬುಜಾ. ಇಡೀ ಪ್ರಯೋಗಾಲಯದಲ್ಲಿ ಇನ್ನಾರೂ ಆ ಕೆಲಸ ಮಾಡಿರಲಿಲ್ಲ. ಆದ್ದರಿಂದ ತಪ್ಪು ಯಾರದೆಂದು ಹೇಳಲು ಅವಳ ಹೆಸರು ಬರೆಯುವ ಅಗತ್ಯವೇ ಬೀಳಲಿಲ್ಲ. ಅವಳು ಅನ್ನ ಬಿಟ್ಟು, ತಾನೆಲ್ಲಿ ತಪ್ಪಿದೆನೆಂದು ತಲೆ ಕೆಡಿಸಿಕೊಂಡಳು.

ಪೆಟ್ಟಿಗೆಯನ್ನು ಹಿಂದಕ್ಕೆ ತಂದುಕೊಟ್ಟವನು ಹಡಗಿನ ಮೆಕ್ಯಾನಿಕ್ ರಾಮಯ್ಯ. ಮಾಗಡಿ ಕಡೆಯವನು; ರಜಕ್ಕೆ ಊರಿಗೆ ಹೊರಟಿದ್ದರಿಂದ ಈ ಕೆಲಸ ತಾನೇ ಕೇಳಿ ಪಡೆದಿದ್ದ. ಕನ್ನಡ ಮಾತಾಡಲು ಸಿಕ್ಕಿತೆಂಬ ಖುಷಿಯಲ್ಲಿ ಅವನು ಕೇಳಿದ, "ಸಾರ್ ಹೆಂಗವ್ರೆ ಮೇಡಂ? ಪಾಪ, ಹಡಗು ಹತ್ತಿದಾಗಿಂದ ಒಂದೇ ವಾಂತಿ. ತಲೇನೇ ಎತ್ತಲಿಲ್ಲ."

"ಹಾಗಾದ್ರೆ ಪೆಟ್ಟಿಗೆ ನೋಡ್ಕೊಂಡೋರು ಯಾರು?"

"ನಾವೇ. ಮಧ್ಯದಲ್ಲಿ ಕರೆಂಟ್ ಹೋಗಿತ್ತು. ಬಂದೇಟ್ಗೆ ಸ್ವಿಚ್ ಹಾಕಿ ನಂಬರ್ ಬರ್ಕೊಂಡ್ವಿ. ಸಾರ್‌ನ ಕೇಳಿದ್ರೆ ಕೈಯಲ್ಲೇ ಹೂಂ ಅಂದ್ರು. ಯಾಕ್ ಮೇಡಂ, ತಪ್ಪಾಯ್ತಾ?"

"ನಿಮ್ಮದೇನೂ ತಪ್ಪಿಲ್ಲ," ಎಂದಳು ಅಂಬುಜಾ. ಅವನಿಗೆ ಕಾಫಿ ತರಿಸಿಕೊಟ್ಟಳು.

ಆದರೂ ಅವಳು ಒಮ್ಮೆಲೇ ಯಾರನ್ನೂ ದೂರಲಿಲ್ಲ. ಪೆಟ್ಟಿಗೆಯನ್ನು ಹೆಗ್ಗನಹಳ್ಳಿಯ ಶೆಡ್ಡಿಗೆ ಒಯ್ದು, ಕೆಂಪು ಬಟ್ಟೆ ಕಟ್ಟಿ, ಬೆಚ್ಚಗಾಗುವ ತನಕ ಕಾದಳು. ಮುಳ್ಳು ತನ್ನ ಜಾಗಕ್ಕೆ ಬಂದು ನಿಂತಿತು. ಮರುದಿನ ನೋಡಿದಾಗಲೂ ಅಲ್ಲೇ ಇತ್ತು. ಎಳೆಗೆ ಏನೂ ಆಗಿರಲಿಲ್ಲ.

ಅಂದು ಸಂಜೆಯೇ ಅವಳು ಬಸವೇಶ್ವರನಗರಕ್ಕೆ ಹೋದಳು. ಬಸುರಿ ಪಂಕಜಾ ಒಳಗೆ ಚಕ್ಕುಲಿ ಕರಿಯುತ್ತಿದ್ದಳು. ತಾರಸಿಯ ಮೇಲೆ ಒಬ್ಬನೇ ಸಿಕ್ಕ ಜಗನ್ನಾಥ.

"ರಾಮಯ್ಯ ಬಂದಿದ್ದ," ಎಂದಳು.

ಅವನು ಮೆಟ್ಟಿಲ ಕಡೆ ನೋಡಿದ. "ಅಕ್ಕ, ಮೆಲ್ಲಗೆ. ಅವಳಿಗೆ ಕೇಳಿಸುತ್ತೆ."

"ಕಾಯಿಲೆ ಯಾರಿಗೂ ಬರುತ್ತೆ. ಹಾಗಂತ ಬರೀಬೇಕಿತ್ತು. ನನ್ನ ಎಳೆ ಯಾಕೆ ಕೆಟ್ಟದ್ದು ಅಂದ್ರಿ?"

"ಏನಂತ ಬರೀಲಿ? ಸಮುದ್ರ ತಡೀಲಾರದೆ ಬಿದ್ದಿದ್ದೆ ಅಂತಲಾ? ಕೆಲಸ ಉಳಿಯುತ್ತಾ ನಂದು?" ಅವನ ಕಣ್ಣಲ್ಲಿ ನೀರಿತ್ತು. "ಸೋಮವಾರ ಡೈರೆಕ್ಟರ ಹತ್ರ ನಾನೇ ಹೇಳ್ತೀನಿ. ಪಂಕಜಾ ಆಣೆ."

ಅಂಬುಜಾ ನಂಬಿದಳು. ಚಕ್ಕುಲಿಯನ್ನೂ ತಿಂದು ಬಂದಳು. ಸೋಮವಾರ ಕಳೆಯಿತು. ಆ ವಾರವೂ ಕಳೆಯಿತು. ಕೊನೆಗೆ ಅವಳೇ ಡೈರೆಕ್ಟರ್ ವೆಂಕಟಗಿರಿಯವರ ಕೋಣೆಗೆ ಹೋಗಿ, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಅವಳನ್ನು ಕೆಲಸಕ್ಕೆ ಆರಿಸಿದವರೇ ಅವರು. ಹೆಣ್ಣುಮಗಳಿಗೆ ಇಂಥ ಕೆಲಸವೇ ಎಂದವರ ಬಾಯಿ ಮುಚ್ಚಿಸಿದ್ದರು.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಗೊತ್ತಮ್ಮ," ಅಂದರು. "ಬಂದ ದಿನವೇ ಜಗನ್ನಾಥ ನನಗೆ ಹೇಳಿದ್ದ."

"ಹಾಗಾದ್ರೆ ಆ ವರದಿ?" ಎಂದಳು ಅಂಬುಜಾ.

"ಇಂಥ ಯಂತ್ರ ಹೊರದೇಶದಿಂದ ತರಿಸೋದು ಅಂತ ಮೇಲಿನವರು ಮೊದಲೇ ತೀರ್ಮಾನ ಮಾಡಿದ್ರು. ನಮ್ಮದು ಗೆದ್ದಿದ್ರೆ ನೂರು ಪ್ರಶ್ನೆ ಏಳ್ತಿತ್ತು. ಎಳೆ ಸೋತಿದೆ ಅಂತ ಬರಿ ಅಂದವನು ನಾನೇ. ಹೊಸ ಯಂತ್ರ ಕಲಿಯೋಕೆ ಅವನನ್ನ ಕಳಿಸ್ತಾ ಇದೀವಿ. ನಿಮ್ಮ ತಂಗಿಗೂ ಒಳ್ಳೇದಾಯ್ತಲ್ಲ?"

"ನನಗೊಂದು ಮಾತು ಹೇಳಬಹುದಿತ್ತು ಸಾರ್."

"ಹೇಳಿದ್ರೆ ನೀವು ಒಪ್ತಿದ್ರಾ?" ಎಂದು ಅವರು ಫೈಲು ಎಳೆದುಕೊಂಡರು. "ಇದೆಲ್ಲ ಹೊರಗೆ ಹೋಗಬಾರದು. ಸಹಿ ಹಾಕಿದೀರಿ, ನೆನಪಿರಲಿ."

ಅಂದರೆ ತಾರಸಿಯ ಮೇಲಿನ ಆ ಕಣ್ಣೀರು, ಆ ಆಣೆ, ಎಲ್ಲವೂ ಬರೀ ನಾಟಕ. ಹೇಳುತ್ತೇನೆ ಎಂದವನು ಎಂದೋ ಹೇಳಿ, ಅದಕ್ಕೆ ಬದಲಾಗಿ ವಿದೇಶ ಪ್ರಯಾಣವನ್ನೂ ಗಿಟ್ಟಿಸಿಕೊಂಡಾಗಿತ್ತು.

ಮುಂದಿನ ಭಾನುವಾರ ಪಂಕಜಾ ತಾಯಿಯ ಮನೆಗೆ ಬಂದವಳೇ ಅಕ್ಕನ ಮೇಲೆ ಹರಿಹಾಯ್ದಳು. "ಇವರ ಮೇಲೆ ಚಾಡಿ ಹೇಳಿದೀಯಂತೆ! ಅವರು ಮುಂದಕ್ಕೆ ಬಂದ್ರೆ ನಿನಗೇನೇ ಅಷ್ಟು ಹೊಟ್ಟೆಕಿಚ್ಚು?"

"ಹಾಗಲ್ಲ ಕಣೇ."

"ಮತ್ತೆ ಹೇಗೆ? ಹೇಳು, ಅಮ್ಮನೂ ಕೇಳಿಸ್ಕೊಳ್ಳಲಿ."

ಕಲ್ಯಾಣಮ್ಮ ಬಾಗಿಲಲ್ಲಿ ನಿಂತು ಒಮ್ಮೆ ಅವಳನ್ನು, ಒಮ್ಮೆ ಇವಳನ್ನು ನೋಡುತ್ತಿದ್ದರು. ಹೇಳಬೇಕಾದ ಪ್ರತಿಯೊಂದು ಮಾತೂ ಅಂಬುಜಾಳ ನಾಲಗೆಯ ತುದಿಯಲ್ಲಿತ್ತು. ಡೈರೆಕ್ಟರೂ ಜಗನ್ನಾಥನೂ ಗುಟ್ಟನ್ನು ಬಿಟ್ಟುಕೊಟ್ಟಿರಲಿಲ್ಲ, ಅವಳನ್ನು ಬಿಟ್ಟುಕೊಟ್ಟಿದ್ದರು. ಆದರೂ ಕೊಟ್ಟ ಮಾತು ಅವಳದು. "ಆಫೀಸಿನ ವಿಷಯ," ಎಂದಷ್ಟೇ ಹೇಳಿ ಒಳಗೆ ಹೋದಳು. ಪಂಕಜಾ ಕಾಫಿಯನ್ನೂ ಕುಡಿಯದೆ ಹೊರಟಳು.

ವಿದೇಶದ ಯಂತ್ರ ಬಂದಾಗ ಅದರ ದೂಳು ಒರೆಸಿ, ಕಾವು ನೋಡಿಕೊಳ್ಳುವ ಕೆಲಸವನ್ನು ಅಂಬುಜಾಳಿಗೆ ಒಪ್ಪಿಸಿದರು. ಒಂದು ಮಳೆಗಾಲ ಅದನ್ನೂ ಮಾಡಿದಳು. ಆಮೇಲೆ ರಾಜೀನಾಮೆ ಕೊಟ್ಟು, ವಿಜಯನಗರದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಲು ನಿಂತಳು. ಒಳ್ಳೆಯ ಮೇಡಂ ಎಂದು ಹೆಸರಾಯಿತು. ಹುಡುಗಿಯರು ಅವಳನ್ನು ಸುತ್ತುವರಿದು ಪ್ರಶ್ನೆ ಕೇಳುತ್ತಿದ್ದರು, ಅವಳು ನಗುತ್ತಲೂ ಇದ್ದಳು. ಆದರೆ ಯಾರಾದರೂ "ಯೋಚ್ನೆ ಬಿಡಿ" ಎಂದರೆ ಮಾತ್ರ ಅವಳ ಮುಖ ಬಿಗಿದುಕೊಳ್ಳುತ್ತಿತ್ತು.

ಪಂಕಜಾಳ ಎರಡನೇ ಮಗುವಿನ ನಾಮಕರಣಕ್ಕೆ ಕಲ್ಯಾಣಮ್ಮ ಅವಳನ್ನು ಬಲವಂತದಿಂದ ಕರೆದೊಯ್ದರು. ಅಂಬುಜಾ ಮಗುವನ್ನು ಎತ್ತಿಕೊಂಡಳು. ಅದು ಅವಳ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು. ಜಗನ್ನಾಥ ಹತ್ತಿರ ಬಂದು, "ಅಕ್ಕ, ಊಟಕ್ಕೆ ಏಳಿ," ಎಂದ. ನಾಲ್ಕು ಜನ ನೋಡುತ್ತಿದ್ದುದರಿಂದ ಅಂಬುಜಾ ಎದ್ದಳು. ಎಲೆಯ ಮುಂದೆ ಕೂತು ಬಡಿಸಿದ್ದನ್ನು ತಿಂದಳು. ಅವನು ತಾನೇ ಬಂದು ಹೋಳಿಗೆಗೆ ತುಪ್ಪ ಹಾಕಲು ಬಾಗಿದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದಳು.